ಅಪ್ಪನ ಶೆಡ್ಡು ಖಾಲಿ ಮಾಡಬೇಕು, ಅಪ್ಪ ಬಿಡ್ತಿಲ್ಲ. ಏನ್ ಮಾಡೋದು?

ಪಡುವಾರಹಳ್ಳಿ ಪುಟ್ಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರು, ಪಡುವಾರಹಳ್ಳಿ. ಹಳೇ ಹೆಂಚಿನ ಮನೆ, ಹಿತ್ತಲಲ್ಲಿ ಒಂದು ಸಿಮೆಂಟ್ ಶೀಟಿನ ಶೆಡ್ಡು. ಅಕ್ಕ ಹಾಸನದಲ್ಲಿದ್ದಾಳೆ, ನಾನು ಇಲ್ಲೇ. ಮನೆ ಮಾರುವುದಕ್ಕೆ ಎಲ್ಲರೂ ಒಪ್ಪಿ ಆಗಿದೆ, ಅಪ್ಪ ಅಡ್ವಾನ್ಸ್ ಪತ್ರಕ್ಕೆ ಸಹಿಯನ್ನೂ ಹಾಕಿದ್ದಾರೆ. ಯುಗಾದಿ ಕಳೆದ ಮೇಲೆ ವಿಜಯನಗರ ನಾಲ್ಕನೇ ಹಂತದ ಫ್ಲ್ಯಾಟಿಗೆ ಹೋಗುತ್ತೇವೆ. ಎರಡು ರೂಮು, ಒಂದು ಹಾಲು, ಬಟ್ಟೆ ಒಣಗಿಸಲು ಬಾಲ್ಕನಿ. ಅಷ್ಟೇ ಜಾಗ.

ಅಪ್ಪನಿಗೆ 81 ವರ್ಷ. ಐಡಿಯಲ್ ಜಾವಾದಲ್ಲಿ ಫಿಟ್ಟರ್ ಆಗಿದ್ದರು. ಯಾದವಗಿರಿಯ ಮೋಟಾರ್‌ಬೈಕ್ ಕಾರ್ಖಾನೆ, ಮೈಸೂರಿನವರಿಗೆ ನಾನು ಹೇಳಬೇಕಾಗಿಲ್ಲ. 1996ರಲ್ಲಿ ಅದು ಮುಚ್ಚಿತು. ಆಮೇಲೆ ಅಪ್ಪ ಇದೇ ಶೆಡ್ಡಿನಲ್ಲಿ ಜಾವಾ, ಯೆಜ್ಡಿ ರಿಪೇರಿ ಮಾಡಿಕೊಂಡು ನನ್ನನ್ನು ಡಿಪ್ಲೊಮಾ ಓದಿಸಿದರು, ಅಕ್ಕನ ಮದುವೆ ಮಾಡಿದರು. ಎಲ್ಲೆಲ್ಲಿ ಬಿಡಿಭಾಗದ ಅಂಗಡಿ ಮುಚ್ಚುತ್ತದೋ ಅಲ್ಲಿ ಹೋಗಿ ಚೀಲದಲ್ಲಿ ತುಂಬಿಸಿಕೊಂಡು ಬರುತ್ತಿದ್ದರು. ಈಗ ಮಂಡಿ ನೋವು, ಕೈ ನಡುಗುತ್ತದೆ. ಸ್ಪ್ಯಾನರ್ ಹಿಡಿದು ಎಷ್ಟೋ ವರ್ಷ ಆಯಿತು. ಆದರೂ ದಿನಾ ಬೆಳಿಗ್ಗೆ ಕಾಫಿ ಕುಡಿದು ಶೆಡ್ಡಿನ ಬೀಗ ತೆಗೆಯುತ್ತಾರೆ, ಸ್ಟೂಲಿನ ಮೇಲೆ ಕೂತುಕೊಳ್ಳುತ್ತಾರೆ, ಬಿಸಿಲು ಏರಿದ ಮೇಲೆ ಬೀಗ ಹಾಕಿಕೊಂಡು ಬರುತ್ತಾರೆ.

ಒಳಗೆ ಏನೇನಿದೆ ಅಂದರೆ, ಗೋಡೆ ತುಂಬಾ ಹಾರ್ಲಿಕ್ಸ್ ಬಾಟಲಿಗಳು, ಒಂದೊಂದರಲ್ಲೂ ಒಂದೊಂದು ಅಳತೆಯ ನಟ್ಟು, ಬೋಲ್ಟು, ವಾಷರ್. ತೊಲೆಗೆ ನೇತುಹಾಕಿದ ಸೈಲೆನ್ಸರ್‌ಗಳು. ಸೈಕಲ್ ಟ್ಯೂಬಿನಿಂದ ಕಟ್ಟಿದ ಸ್ಪೋಕ್ಸ್ ಕಟ್ಟು. ಬೋರ್ನ್‌ವಿಟಾ ಡಬ್ಬದಲ್ಲಿ ಕಾರ್ಬುರೇಟರ್ ಜೆಟ್. ಇಷ್ಟಾದರೂ ಒಂದು ಲೆಕ್ಕ. ಮನೆಯ ಅಟ್ಟಕ್ಕೆ ಬಂದರೆ ತಲೆ ಕೆಡುತ್ತದೆ. ಹಾಡದ ಮರ್ಫಿ ರೇಡಿಯೋ, ಪೋಸ್ಟ್ ಆಫೀಸಿನಲ್ಲಿ ಫೀಸು ಕಟ್ಟಿ ಮುದ್ರೆ ಹಾಕಿಸಿದ ಅದರ ಲೈಸೆನ್ಸ್ ಪುಸ್ತಕ, ಚಕ್ರ ಇಲ್ಲದ ಹೊಲಿಗೆ ಮೆಷಿನ್, ಸುಧಾ ವಾರಪತ್ರಿಕೆಯ ಕಟ್ಟುಗಳು, ಬ್ಯಾಂಕಿನ ಕ್ಯಾಲೆಂಡರ್‌ಗಳು, ಮನೆ ರಿಪೇರಿ ಮಾಡಿಸಿದಾಗ ಉಳಿದ ಮಂಗಳೂರು ಹೆಂಚು. ಪ್ಲಾಸ್ಟಿಕ್ ಕವರ್ ಒಳಗೆ ಪ್ಲಾಸ್ಟಿಕ್ ಕವರ್. ಅದನ್ನು ಬಿಚ್ಚಿದರೆ ಇನ್ನೊಂದು ಕವರ್.

ಏನು ತೆಗೆದರೂ ಅಪ್ಪನದ್ದು ಒಂದೇ ಮಾತು: 'ಇಡು, ಯಾರಾದ್ರೂ ಕೇಳ್ಕೊಂಡು ಬಂದ್ರೆ?'

ನನ್ನ ಹೆಂಡತಿ ಒಳ್ಳೆಯವಳು, ಮಾವನ ಮೇಲೆ ಗೌರವ ಇದೆ. ಆದರೆ ಫ್ಲ್ಯಾಟಿನ ಹಾಲಿನಲ್ಲಿ ಸೈಲೆನ್ಸರ್ ನೇತುಹಾಕೋಕೆ ಆಗಲ್ಲ ಅಂತ ಅವಳು ಹೇಳುವುದರಲ್ಲಿ ತಪ್ಪೇನಿಲ್ಲ ಅಲ್ವಾ.

ಇನ್ನೊಂದು ವಿಷಯ. ಇದನ್ನು ಮನೆಯಲ್ಲಿ ಯಾರ ಹತ್ತಿರವೂ ಹೇಳಿಲ್ಲ. ಹಳೇ ಸಾಮಾನು ತೆಗೆಯುವಾಗ ಎಲ್ಲರಿಗೂ ದುಃಖ ಆಗುತ್ತದೆ ಅಂತಾರೆ. ನನಗೆ ಸಿಟ್ಟು ಬರುತ್ತದೆ. ಅಮ್ಮ ತೀರಿಕೊಂಡಾಗ ಅವಳ ಸಾಮಾನು ಅಂತ ಇದ್ದದ್ದು ಒಂದು ಬೀರು. ವೈಕುಂಠ ಸಮಾರಾಧನೆ ಮುಗಿಯುವಷ್ಟರಲ್ಲಿ ಚಿಕ್ಕಮ್ಮಂದಿರು ಸೀರೆ ಹಂಚಿಕೊಂಡರು, ಬೀರು ಖಾಲಿ. ಅಪ್ಪನಿಗೆ ಮಾತ್ರ ಶೆಡ್ಡು, ಅಟ್ಟ, ಹಜಾರದ ಅರ್ಧ. ಅಮ್ಮನಿಗೆ ಹಿತ್ತಲಲ್ಲಿ ಬಟ್ಟೆ ಒಗೆಯಲು ನೆರಳಿನ ಜಾಗ ಇರಲಿಲ್ಲ. ಬಿಸಿಲಲ್ಲೇ ಕೂತು ಒಗೆಯುತ್ತಿದ್ದಳು, ಪಕ್ಕದಲ್ಲಿ ಸೈಲೆನ್ಸರ್‌ಗಳು ನೆರಳಲ್ಲಿ ತೂಗಾಡುತ್ತಿದ್ದವು. ಒಂದೊಂದು ಡಬ್ಬ ಕೆಳಗಿಳಿಸಿದಾಗಲೂ ಇದೇ ನೆನಪಾಗುತ್ತದೆ. 81 ವರ್ಷದವರ ಮೇಲೆ ಇದನ್ನೆಲ್ಲ ತೀರಿಸಿಕೊಳ್ಳೋಕೆ ಆಗುತ್ತಾ?

ಜಗಳ ಇಲ್ಲದೆ ಖಾಲಿ ಮಾಡುವ ದಾರಿ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಬುದ್ಧಿಮಾತು ಬೇಡ, ಅನುಭವ ಇದ್ದರೆ ಹೇಳಿ.

ನೇರ ಮಾತು:

ಗುಜರಿಯವನನ್ನು ಕರೆಸಿ, ಅಪ್ಪನನ್ನು ಎರಡು ದಿನ ಅಕ್ಕನ ಮನೆಗೆ ಕಳಿಸಿ. ವಾಪಸ್ ಬರುವಷ್ಟರಲ್ಲಿ ಎಲ್ಲ ಕ್ಲೀನ್. ಒಂದು ವಾರ ಬೇಜಾರು ಮಾಡಿಕೊಳ್ಳುತ್ತಾರೆ, ಆಮೇಲೆ ಮರೆಯುತ್ತಾರೆ. ಸುಮ್ನೆ ಎಳೆದಾಡಬೇಡಿ.

ಮಂಡ್ಯದ ಅಕ್ಕ:

ಮೇಲಿನವರು ಹೇಳಿದ್ದನ್ನು ದಯವಿಟ್ಟು ಮಾಡಬೇಡಿ. ನಮ್ಮ ಮನೆಯಲ್ಲಿ ಸರಿಯಾಗಿ ಇದೇ ಆಗಿದೆ.

ನಮ್ಮಮ್ಮ ವೈರಮುಡಿಗೆ ಮೇಲುಕೋಟೆಗೆ ಹೋಗಿದ್ದರು. ಅಲ್ಲೇ ನೆಂಟರ ಮನೆಯಲ್ಲಿ ಉಳಿದುಕೊಂಡರು. ಇಲ್ಲಿ ನಮ್ಮಣ್ಣ 'ಸರ್‌ಪ್ರೈಸ್' ಅಂತ ಅಡುಗೆಮನೆಯನ್ನೇ ಬದಲಾಯಿಸಿಬಿಟ್ಟ. ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಹೆಸರು ಕೆತ್ತಿಸಿದ ಸ್ಟೀಲ್ ಪಾತ್ರೆ, ಎಲ್ಲ ತೂಕಕ್ಕೆ ಹಾಕಿ ಬಂದ ದುಡ್ಡಿಗೆ ಮಿಕ್ಸಿ, ನಾನ್‌ಸ್ಟಿಕ್ ಸೆಟ್. ಅಮ್ಮ ಬಂದು ನೋಡಿ ಏನೂ ಅನ್ನಲಿಲ್ಲ. 'ಚೆನ್ನಾಗಿದೆ ಕಣಪ್ಪ' ಅಂದರು. ಅಣ್ಣ ಖುಷಿಯಾದ.

ಆಮೇಲೆ ಶುರುವಾಯಿತು ನೋಡಿ. ಅಲ್ಲಿಯವರೆಗೆ ಎಲ್ಲವನ್ನೂ ಎಲ್ಲರ ಕಣ್ಣಿಗೆ ಕಾಣುವ ಹಾಗೆ ಇಡುತ್ತಿದ್ದವರು ಬಚ್ಚಿಡಲು ಶುರು ಮಾಡಿದರು. ಮಂಚದ ಕೆಳಗೆ ಮೊಸರಿನ ಡಬ್ಬ, ದಿಂಬಿನ ಕವರಿನೊಳಗೆ ಚಮಚ, ಅಕ್ಕಿ ಡ್ರಮ್ಮಿನ ತಳದಲ್ಲಿ ಲೋಟ. ಮೊದಲು ಇದ್ದದ್ದಕ್ಕಿಂತ ಜಾಸ್ತಿ ಸೇರಿಸಿದರು. ಕೇಳಿದರೆ 'ನೀವು ಮಾರಿಬಿಡ್ತೀರಾ' ಅಂತ ನೇರವಾಗಿ ಹೇಳುತ್ತಿದ್ದರು, ನನ್ನನ್ನೂ ಸೇರಿಸಿ. ನಾನು ಏನೂ ಮಾರಿರಲಿಲ್ಲ!

ಆ ಪಾತ್ರೆಗಳ ಮೇಲೆ ಬರೆಸಿದ್ದ ಹೆಸರುಗಳು ನನಗೆ ಈಗಲೂ ಬಾಯಿಪಾಠ. ಗೃಹಪ್ರವೇಶಕ್ಕೆ ಯಾರು ಏನು ಕೊಟ್ಟರು, ಯಾವ ತಾರೀಕು, ಎಲ್ಲ ಅದರಲ್ಲೇ ಇತ್ತು. ಅಮ್ಮ ಸಾರಿನ ಪಾತ್ರೆ ತೆಗೆಯುವಾಗ 'ಆ ಸೋದರತ್ತೇದು ತಗೊಂಬಾ' ಅನ್ನುತ್ತಿದ್ದರು. ನಮಗದು ಪಾತ್ರೆ, ಅವರಿಗೆ ಸೋದರತ್ತೆ.

ಸಿಟ್ಟಿನ ವಿಷಯ. ನಿಮಗೊಬ್ಬರಿಗೇ ಅಲ್ಲ. ನಮ್ಮಮ್ಮ ಹೋದ ಮೇಲೆ ಮಂಚದ ಕೆಳಗಿಂದ ಡಬ್ಬ ಎಳೆಯುತ್ತಾ ನಾನೂ ಅಣ್ಣನನ್ನು ಬಾಯಿಗೆ ಬಂದ ಹಾಗೆ ಬೈದಿದ್ದೇನೆ. ನಿಮ್ಮ ತಂದೆ ಇನ್ನೂ ಇದ್ದಾರೆ. ಅಮ್ಮನ ಬಗ್ಗೆ ಒಂದು ಸಲ ಅವರನ್ನೇ ಕೇಳಿನೋಡಿ. ಜಗಳಕ್ಕೆ ಬೇಡ, ಸುಮ್ನೆ ಕೇಳಿ.

ಎರಡು ಸೈಲೆನ್ಸರ್:

ಸಾರ್, ಪಡುವಾರಹಳ್ಳಿ ಪುಟ್ಟ ಅವರೇ, ದಯವಿಟ್ಟು ಗುಜರಿಗೆ ಹಾಕಬೇಡಿ. ಕೈ ಮುಗಿದು ಕೇಳಿಕೊಳ್ಳುತ್ತಿದ್ದೇನೆ!

ನನ್ನ ಹತ್ತಿರ ತಾತನ ಜಾವಾ 250 ಇದೆ, ಒಂದು ಯೆಜ್ಡಿ ರೋಡ್‌ಕಿಂಗ್ ಇದೆ. ನಮ್ಮಂಥವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಎಲ್ಲರೂ ಗಾಡಿ ತೆಗೆಯುತ್ತೇವೆ, ಹೊಗೆ ನೋಡಿದ್ದೀರಲ್ಲ. ನಮ್ಮ ದೊಡ್ಡ ತಲೆನೋವೇ ಬಿಡಿಭಾಗ. 2018ರಲ್ಲಿ ಜಾವಾ ಹೆಸರಲ್ಲಿ ಮತ್ತೆ ಬಂದ ಗಾಡಿಗಳು ಬೇರೆ, ಅವು ಫೋರ್ ಸ್ಟ್ರೋಕ್, ಅದರ ಯಾವ ಪಾರ್ಟೂ ನಮ್ಮ ಟೂ ಸ್ಟ್ರೋಕಿಗೆ ಕೂರುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವುದು ಬಹಳಷ್ಟು ಡೂಪ್ಲಿಕೇಟ್. ನಮ್ಮ ಗಾಡಿಯಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್ ಕೂಡ. ಅದಕ್ಕೇ ಆ ಶಾಫ್ಟಿನ ಮೇಲೆ ಕೆಲಸ ಜಾಸ್ತಿ, ಸವೆದರೆ ಒರಿಜಿನಲ್ ಹುಡುಕಿಕೊಂಡು ಊರೂರು ಅಲೆಯುತ್ತೇವೆ. ನಿಮ್ಮ ತಂದೆಯ ಬೋರ್ನ್‌ವಿಟಾ ಡಬ್ಬದಲ್ಲಿರುವ ಜೆಟ್ಟು ಯಾವನದೋ ನಿಂತುಹೋದ ಗಾಡಿಗೆ ಜೀವ.

ಆದರೆ ಎಲ್ಲವೂ ಉಪಯೋಗಕ್ಕೆ ಬರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ರಬ್ಬರ್ ಆಯಿಲ್ ಸೀಲ್ ಇಷ್ಟು ವರ್ಷಕ್ಕೆ ಗಟ್ಟಿಯಾಗಿರುತ್ತದೆ, ಬಗ್ಗಿಸಿದರೆ ಬಿರುಕು ಬಿಡುತ್ತದೆ, ಎಸೆಯಿರಿ. ಗ್ರೀಸ್ ಪೇಪರಿನಲ್ಲಿ ಸುತ್ತಿದ ಬೇರಿಂಗ್ ಇದ್ದರೆ ಬಿಚ್ಚಬೇಡಿ, ಹಾಗೇ ಇಡಿ. ಹಳೇ ಬ್ರೇಕ್ ಶೂಗಳ ಲೈನಿಂಗಿನಲ್ಲಿ ಆ ಕಾಲಕ್ಕೆ ಆಸ್ಬೆಸ್ಟಾಸ್ ಹಾಕುತ್ತಿದ್ದರು. ಅದರ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಶೆಡ್ಡಿನ ಹಳೇ ಸಿಮೆಂಟ್ ಶೀಟೂ ಅದೇ ಜಾತಿ. ಕೆಡವುವವರು ಸುತ್ತಿಗೆಯಲ್ಲಿ ಒಡೆಯಲು ಹೋದರೆ ಬಿಡಬೇಡಿ, ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡೀ ಶೀಟಾಗಿ ಇಳಿಸಲಿ.

ಇನ್ನೊಂದು ಮಾತು. 'ಯಾರಾದ್ರೂ ಕೇಳ್ಕೊಂಡು ಬಂದ್ರೆ' ಅಂತ ನಿಮ್ಮ ತಂದೆ ಹೇಳುತ್ತಾರಲ್ಲ, ಅದು ನೆಪ ಅಂತ ನನಗೆ ಅನ್ನಿಸುವುದಿಲ್ಲ. ಆ ಕಾಲಕ್ಕೆ ನಿಜವಾಗಿ ಜನ ಬರುತ್ತಿದ್ದರು. ನನ್ನ ತಾತ ಕಿಕ್ ಶಾಫ್ಟಿಗೆ ಒಂಟಿಕೊಪ್ಪಲು, ಪಡುವಾರಹಳ್ಳಿ ಕಡೆ ಯಾವುದೋ ಶೆಡ್ಡಿಗೆ ಹೋಗುತ್ತಿದ್ದದ್ದು ನನಗೆ ಗೊತ್ತು. ಎಲ್ಲೂ ಸಿಗದ್ದು ಅಲ್ಲಿ ಸಿಗುತ್ತೆ ಅಂತ ಹೇಳುತ್ತಿದ್ದರು. ಈಗ ಯಾರೂ ಬರುತ್ತಿಲ್ಲ, ಅಷ್ಟೇ. ನಾವು ಬರಬಹುದಾ? ಕೇಳಿಕೊಂಡೇ ಬರುತ್ತೇವೆ. ಅಪ್ಪನೇ ಕೂತು ಕೊಡಲಿ.

ಪಾಸ್‌ಬುಕ್ ರಾಯರು:

ನಾನು ಬ್ಯಾಂಕಿನಿಂದ ನಿವೃತ್ತ. ಗಾಡಿ ವಿಷಯ ಗೊತ್ತಿಲ್ಲ. ಕಾಗದದ ವಿಷಯ ಹೇಳುತ್ತೇನೆ, ಏಕೆಂದರೆ ಅಟ್ಟ ಖಾಲಿ ಮಾಡುವಾಗ ಜನ ಕ್ಯಾಲೆಂಡರ್ ಜೊತೆ ಆಸ್ತಿ ಪತ್ರವನ್ನೂ ಕಟ್ಟಿ ಕಳಿಸುತ್ತಾರೆ.

ಒಂದು ಕಾಗದವನ್ನೂ ತೂಕಕ್ಕೆ ಹಾಕುವ ಮುಂಚೆ ಬಿಡಿಸಿ ನೋಡಿ. ಸುಧಾ ಸಂಚಿಕೆಗಳನ್ನೂ ಕೊಡವಿ, ಆ ತಲೆಮಾರಿನವರು ರಸೀದಿಗಳನ್ನು ಪುಸ್ತಕದ ಮಧ್ಯೆ ಇಡುತ್ತಿದ್ದರು. ಮನೆ ಮಾರುತ್ತಿದ್ದೀರಿ, ಆದ್ದರಿಂದ ಮೂಲ ಕ್ರಯಪತ್ರ, ಖಾತೆ, ಕಂದಾಯ ರಸೀದಿ ಇವೆಲ್ಲ ಕೊಳ್ಳುವವರ ವಕೀಲರು ಕೇಳಿಯೇ ಕೇಳುತ್ತಾರೆ. ತಂದೆಯವರ ಪಿ.ಎಫ್. ಪಿಂಚಣಿಯ ಪಿ.ಪಿ.ಒ. (ಪಿಂಚಣಿ ಪಾವತಿ ಆದೇಶ) ಕಾಗದ ಎಲ್ಲಿದೆ ಅಂತ ಇವತ್ತೇ ನೋಡಿ. ನೌಕರರ ಪಿಂಚಣಿ ಯೋಜನೆ ಬಂದದ್ದು 1995ರ ನವೆಂಬರ್‌ನಲ್ಲಿ. ಅವರ ಕಾರ್ಖಾನೆ ಮುಚ್ಚಿದ್ದು ಅದರ ಮರುವರ್ಷ ಅಂತೀರಿ. ಹಾಗಾದರೆ ಆ ಕಾಲದ ಕಾಗದಗಳು ಮುಖ್ಯ.

ಹಳೇ ಪಾಸ್‌ಬುಕ್ಕು, ಎಫ್.ಡಿ. ರಸೀದಿ ಸಿಕ್ಕಿದರೆ 'ಮುಗಿದುಹೋದ ಕಥೆ' ಅಂದುಕೊಳ್ಳಬೇಡಿ. 10 ವರ್ಷ ಯಾರೂ ಮುಟ್ಟದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೆ ಹಕ್ಕು ಹೋಗುವುದಿಲ್ಲ. ಅದೇ ಬ್ಯಾಂಕಿಗೆ ಅರ್ಜಿ ಕೊಟ್ಟು ಬಡ್ಡಿಯ ಖಾತೆಯಾಗಿದ್ದರೆ ಬಡ್ಡಿ ಸಮೇತ ಪಡೆಯಬಹುದು. ಹುಡುಕಲು 2023ರಿಂದ ಉದ್ಗಮ್ ಅನ್ನುವ ಪೋರ್ಟಲ್ ಇದೆ, ಅನೇಕ ಬ್ಯಾಂಕುಗಳದ್ದು ಒಂದೇ ಕಡೆ ಸಿಗುತ್ತದೆ. ನಿಮ್ಮ ತಾಯಿಯವರ ಹೆಸರನ್ನೂ ಹಾಕಿ ನೋಡಿ. ಹೆಂಗಸರು ಸಾಸಿವೆ ಡಬ್ಬದಿಂದ ಉಳಿಸಿ ಕಟ್ಟಿದ ಆರ್.ಡಿ.ಗಳನ್ನು ನಾನು ಕೌಂಟರಿನಲ್ಲಿ ಎಷ್ಟು ನೋಡಿದ್ದೇನೆ ಅಂದರೆ, ಗಂಡಂದಿರಿಗೆ ಗೊತ್ತೇ ಇರುತ್ತಿರಲಿಲ್ಲ.

ಕಾಗದದ ಷೇರು ಪತ್ರ ಸಿಕ್ಕಿದರೂ ಹರಿಯಬೇಡಿ. 2019ರ ಏಪ್ರಿಲ್‌ನಿಂದ ಕಾಗದದಲ್ಲೇ ಮಾರಲು ಆಗುವುದಿಲ್ಲ, ಡಿಮ್ಯಾಟ್, ಅಂದರೆ ಎಲೆಕ್ಟ್ರಾನಿಕ್ ರೂಪಕ್ಕೆ ಮಾಡಿಸಬೇಕು, ಓಡಾಟ ಇದೆ. 500, 1000ದ ಹಳೇ ನೋಟು ಸಿಕ್ಕರೆ ಮಾತ್ರ ಏನೂ ಮಾಡಲಾಗದು, 2016ಕ್ಕೇ ಮುಗಿಯಿತು. ನೆನಪಿಗೆ ಒಂದೆರಡು ಇಟ್ಟುಕೊಳ್ಳಿ, ಕಟ್ಟು ಇಟ್ಟುಕೊಂಡರೆ ದಂಡ ಬೀಳುತ್ತದೆ.

ಪಡುವಾರಹಳ್ಳಿ ಪುಟ್ಟ:

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಬರೆಯುತ್ತೇನೆ, ಅರ್ಧ ಕೆಲಸ ಆಗಿದೆ.

ಎರಡು ಸೈಲೆನ್ಸರ್ ಅವರು ಇನ್ನೊಬ್ಬ ಹುಡುಗನ ಜೊತೆ ಬಂದಿದ್ದರು. ಗಾಡಿ ಶಬ್ದ ಬೀದಿ ತಿರುವಿನಲ್ಲಿ ಕೇಳಿದ ಕೂಡಲೇ ಅಪ್ಪ ಒಳಗಿಂದಲೇ 'ಟೈಮಿಂಗ್ ಸರಿ ಇಲ್ಲ' ಅಂದರು. ಹೊರಗೆ ಬಂದ ಅಪ್ಪ, ನೀವು ಯಾರು, ಎಲ್ಲಿಂದ ಅಂತ ಕೇಳಲಿಲ್ಲ, ಗಾಡಿ ಸ್ಟ್ಯಾಂಡ್ ಹಾಕಿಸಿ ಕಾರ್ಬುರೇಟರ್ ಮುಟ್ಟಿ ನೋಡಿದರು. ಅವರಿಗೆ ಬೇಕಾಗಿದ್ದ ಪಾರ್ಟು ಯಾವ ಡಬ್ಬದಲ್ಲಿದೆ ಅಂತ ಸ್ಟೂಲಿನಿಂದ ಏಳದೇ ಹೇಳಿದರು. 'ಮೂರನೇ ಸಾಲು, ಎಡದಿಂದ ಎರಡನೇದು.' ಅಲ್ಲೇ ಇತ್ತು. ನಾನು ಈ ಮನೆಯಲ್ಲಿ ಹುಟ್ಟಿ ಬೆಳೆದವನು, ಅಲ್ಲಿ ಸಾಲು ಅಂತ ಒಂದಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಎಲ್ಲರಿಗೂ ಕೊಡಲಿಲ್ಲ. ಜೊತೆಗೆ ಬಂದ ಹುಡುಗ ತನ್ನ ಯೆಜ್ಡಿಗೆ ಮ್ಯಾಟ್ ಕಪ್ಪು ಬಣ್ಣ ಹೊಡೆಸಿದ್ದನ್ನು ಫೋನಲ್ಲಿ ತೋರಿಸಿದ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು. 'ಇದಕ್ಕೆ ಏನೂ ಇಲ್ಲಪ್ಪ ನನ್ನ ಹತ್ರ' ಅಂದರು. ಎದುರಿಗೇ ನೇತಾಡುತ್ತಿದೆ ಸೈಲೆನ್ಸರ್! ಆ ಹುಡುಗ ಮುಂದಿನ ಭಾನುವಾರ ಮತ್ತೆ ಬಂದ, ಅವತ್ತು ಒಂದು ಕೊಟ್ಟರು.

ಈಗ ಭಾನುವಾರ ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ಜನ. ಹೆಂಡತಿ ಕಾಫಿ ಮಾಡಿ ಮಾಡಿ ಸುಸ್ತು, ಆದರೆ ಗೊಣಗುತ್ತಿಲ್ಲ, ಶೆಡ್ಡು ಖಾಲಿಯಾಗುತ್ತಿದೆಯಲ್ಲ. ಅಪ್ಪ ದುಡ್ಡು ತೆಗೆದುಕೊಳ್ಳುತ್ತಾರೆ, ಪುಕ್ಕಟೆ ಕೊಟ್ಟರೆ ಬೆಲೆ ಇರಲ್ಲ ಅಂತಾರೆ. ಯಾರು ಏನು ತೆಗೆದುಕೊಂಡು ಹೋದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಆ ನೋಟ್‌ಬುಕ್ ಫ್ಲ್ಯಾಟಿಗೆ ಬರುತ್ತದೆ, ಅದಕ್ಕೆ ನಮ್ಮದೇನೂ ತಕರಾರಿಲ್ಲ. ಹಾರ್ಲಿಕ್ಸ್ ಬಾಟಲಿಗಳ ವಿಷಯದಲ್ಲಿ ಮಾತ್ರ ಇನ್ನೂ ಪಟ್ಟು ಬಿಟ್ಟಿಲ್ಲ. ಒಳಗಿನ ನಟ್ಟು ಕೊಡುತ್ತಾರಂತೆ, ಬಾಟಲಿ ಕೊಡಲ್ಲವಂತೆ.

ಅಕ್ಕ ಬಂದಳು, ಹೊಲಿಗೆ ಮೆಷಿನ್ ತನಗೆ ಬೇಕು ಅಂದಳು. ಚಕ್ರ ಇಲ್ಲ ಅಂದೆ. ಇರಲಿ ಅಂದಳು. ಯಾಕೆ ಅಂತ ಕೇಳಿದ್ದಕ್ಕೆ ಮುಖ ಊದಿಸಿಕೊಂಡಳು, ಅಲ್ಲಿಗೆ ಬಿಟ್ಟೆ. ಕಾರಿನ ಡಿಕ್ಕಿಗೆ ಹಾಕಿ ಕಳಿಸಿದೆ.

ರಾಯರೇ, ಪಿ.ಪಿ.ಒ. ಸಿಕ್ಕಿತು. ಪಂಚಾಂಗದ ಒಳಗಿತ್ತು. ಅಮ್ಮನ ಹೆಸರಲ್ಲಿ ಉದ್ಗಮ್‌ನಲ್ಲಿ ಹುಡುಕಿದೆ, ಏನೂ ಬರಲಿಲ್ಲ.

ಮಂಡ್ಯದ ಅಕ್ಕ, ನೀವು ಹೇಳಿದ ಹಾಗೆ ಕೇಳಿದೆ. ಇಬ್ಬರೇ ಕೂತು ಸ್ಪೋಕ್ಸ್ ಕಟ್ಟು ಬಿಚ್ಚುತ್ತಿದ್ದೆವು. 'ಅಮ್ಮನಿಗೆ ಬಟ್ಟೆ ಒಗೆಯೋಕೆ ಈ ಕಡೆ ಒಂದು ಶೀಟು ಇಳಿಸಬಹುದಿತ್ತಲ್ಲ' ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ 'ಅವಳು ಕೇಳಲಿಲ್ಲವಲ್ಲ' ಅಂದರು. ಅಷ್ಟೇ. ನನ್ನ ಸಿಟ್ಟು ಕಡಿಮೆ ಆಯಿತಾ ಅಂತ ಕೇಳಿದರೆ, ಇಲ್ಲ. ಆದರೆ ಡಬ್ಬಗಳ ಮೇಲಿನ ಸಿಟ್ಟು ಹೋಯಿತು. ಈಗ ಅದು ಅಪ್ಪನ ಮೇಲೆ ಮಾತ್ರ ಇದೆ, ಅದನ್ನು ಫ್ಲ್ಯಾಟಿಗೆ ತೆಗೆದುಕೊಂಡು ಹೋಗಲು ಜಾಗ ಬೇಕಾಗಿಲ್ಲ.

ಮಂಡ್ಯದ ಅಕ್ಕ:

ಕೇಳಿದಿರಲ್ಲ, ಸಾಕು. ಇದಕ್ಕಿಂತ ಜಾಸ್ತಿ ನಮ್ಮಪ್ಪನ ಬಾಯಿಂದ ನನಗೂ ಬಂದಿರಲಿಲ್ಲ. ಹೊಲಿಗೆ ಮೆಷಿನ್ ವಿಷಯದಲ್ಲಿ ಅಕ್ಕನ ಹತ್ತಿರ ಕಾರಣ ಕೇಳಬೇಡಿ, ಕೊಟ್ಟದ್ದು ಒಳ್ಳೆಯದೇ ಆಯಿತು.

ಆ ಮಂಗಳೂರು ಹೆಂಚು ಏನು ಮಾಡಿದಿರಿ? ನಮ್ಮ ತೋಟದ ಮನೆಗೆ ಬೇಕು. ಶ್ರೀರಂಗಪಟ್ಟಣದ ಹತ್ತಿರ, ಮೈಸೂರಿನಿಂದ ದೂರ ಇಲ್ಲ.

ಪಡುವಾರಹಳ್ಳಿ ಪುಟ್ಟ:

ಹೆಂಚು ಹಾಗೇ ಇದೆ ಅಕ್ಕ. ಎಷ್ಟು ಅಂತ ಎಣಿಸಿಲ್ಲ, ಅಟ್ಟದ ಒಂದು ಮೂಲೆ ಪೂರ್ತಿ. ಪಾಚಿ ಇಲ್ಲ, ಹಿಂದೆ ಕಾರ್ಖಾನೆಯ ಮುದ್ರೆ ಚೆನ್ನಾಗಿ ಕಾಣುತ್ತದೆ.

ನೇರ ಮಾತು:

ತೆಗೆದುಕೊಳ್ಳುವ ಮುಂಚೆ ಒಂದೊಂದನ್ನೂ ಬೆರಳಲ್ಲಿ ತಟ್ಟಿ ನೋಡಿ ಮೇಡಂ. ಗಣ್ ಅಂದರೆ ಚೆನ್ನಾಗಿದೆ, ಒಡಕು ಶಬ್ದ ಬಂದರೆ ಒಳಗೆ ಬಿರುಕು ಇದೆ. ನಮ್ಮ ಮಾವ ಹೆಂಚಿನ ವ್ಯಾಪಾರ ಮಾಡುತ್ತಿದ್ದರು. ಮತ್ತೆ ನೆಲ್ಲು ಹುಲ್ಲು ಹಾಕಿ, ನೆಟ್ಟಗೆ ನಿಲ್ಲಿಸಿ ಸಾಗಿಸಿ, ಮಲಗಿಸಿದರೆ ದಾರಿಯಲ್ಲೇ ಅರ್ಧ ಒಡೆಯುತ್ತವೆ.

ಪಡುವಾರಹಳ್ಳಿ ಪುಟ್ಟ:

ಸರಿ. ಅಕ್ಕ, ಶನಿವಾರ ಗಾಡಿ ಕಳಿಸಿ, ಭಾನುವಾರ ಬೇಡ, ಹಿತ್ತಲಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೆಂಚಿಗೆ ದುಡ್ಡು ಬೇಡ. ಆದರೆ ಅಪ್ಪನ ಎದುರಿಗೆ ಹಾಗೆ ಹೇಳಬೇಡಿ, ಒಂದಿಷ್ಟು ಅವರ ಕೈಗೇ ಕೊಟ್ಟುಬಿಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ.